ಹೊಸ ಟ್ಯೂಬಿನ ಮೇಲಿನ ಪ್ಯಾಚು

“ಇದು ನನ್ನದಲ್ಲ, ಮಗಳೇ.”

ಅಬೂಬಕ್ಕರಾಕ ಟ್ಯೂಬನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದರು. ಆಮೇಲೆ ಪ್ಯಾಚಿನ ಅಂಚಿನ ಮೇಲೆ ನಿಧಾನವಾಗಿ ಹೆಬ್ಬೆರಳು ಓಡಿಸಿದರು. ಅವರ ಕಣ್ಣು ಮಂಜಾಗಿ ಮೂರು ವರ್ಷವಾಗಿದೆ. ಬೆರಳು ಮಾತ್ರ ಬಂಟ್ವಾಳ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅದೇ ಬೆರಳು.

“ಖಂಡಿತವಾ?”

“ನನ್ನ ಪ್ಯಾಚ್ ವೀಳ್ಯದೆಲೆಯ ಹಾಗೆ ಇರ್ತದೆ. ತುದಿ ಚೂಪು. ಯಾಕೆ ಹಾಗೆ ಕತ್ತರಿಸ್ತಿದ್ದೆ ಹೇಳು? ನಾಳೆ ಬಿಟ್ಟುಕೊಂಡ್ರೆ ‘ಇದು ನಿಮ್ಮದೇ’ ಅಂತ ಜನ ತರಬೇಕು, ನಾನು ಪುನಃ ಹಾಕಿ ಕೊಡ್ಬೇಕು. ಇದು ಚೌಕ. ಅದೂ ಸಮ ಇಲ್ಲ. ಕತ್ತಿಯಲ್ಲಿ ಕೊಯ್ದದ್ದು.”

ಅದು ನಮ್ಮ ಮನೆಯ ಅಟ್ಟದಲ್ಲಿದ್ದ ನನ್ನ ಅಣ್ಣ ಶಶಿಕಿರಣನ ಸೈಕಲಿನಿಂದ ನಾನು ಬಿಚ್ಚಿ ತಂದ ಹಿಂದಿನ ಚಕ್ರದ ಟ್ಯೂಬು. ೧೯೯೬ರ ಡಿಸೆಂಬರಿನಲ್ಲಿ ಗೆಳೆಯನೊಂದಿಗೆ ದೂರದ ಸೈಕಲ್ ಪ್ರವಾಸಕ್ಕೆ ಹೊರಟ ಅಣ್ಣ, ದಿಡುಪೆಯಿಂದ ಎಳನೀರಿಗೆ ಹತ್ತುವ ಕಾಡುದಾರಿಯಲ್ಲಿ ಕಮರಿಗೆ ಬಿದ್ದನೆಂದು ಊರೆಲ್ಲ ನಂಬಿದೆ. ಸೈಕಲ್ ಸಿಕ್ಕಿತು, ಅವನು ಸಿಗಲಿಲ್ಲ. ಸೈಕಲಿನ ಬ್ರೇಕ್ ಕೇಬಲ್ ತುಂಡಾಗಿತ್ತು.

ಹೊರಡುವ ಹಿಂದಿನ ದಿನ ಆ ಕೇಬಲ್ ಹಾಕಿಕೊಟ್ಟವರು ಅಬೂಬಕ್ಕರಾಕ.

“ನನ್ನ ಮಗನನ್ನು ಕೊಂದವ ಇವ!” ಎಂದು ಅಪ್ಪ ಅವರ ಅಂಗಡಿಯೆದುರು ನಿಂತು ಕೂಗಿದ್ದರು. ಅಪ್ಪನಿಗೆ ಅಷ್ಟು ದೊಡ್ಡ ಸ್ವರ ಇದೆಯೆಂದು ನನಗೆ ತಿಳಿದದ್ದೇ ಆ ದಿನ. ನಾನು ಪಕ್ಕದಲ್ಲಿದ್ದೆ, ಸುಮ್ಮನಿದ್ದೆ. ಆಮೇಲೆ ಮಕ್ಕಳ ಸೈಕಲನ್ನು ಅವರಲ್ಲಿಗೆ ಕಳಿಸುವವರು ಕಡಿಮೆಯಾದರು. ಎರಡು ವರ್ಷದೊಳಗೆ ಅಂಗಡಿ ಮುಚ್ಚಿತು.

“ಆ ದಿನ ಟ್ಯೂಬ್ ಕೂಡ ಹೊಸತು ಹಾಕಿದ್ರಿ ಅಲ್ವಾ?” ಎಂದು ಕೇಳಿದೆ.

“ಎರಡೂ ಚಕ್ರಕ್ಕೆ. ಘಟ್ಟ ಹತ್ತುವ ಹುಡುಗರು. ಹಳತರಲ್ಲಿ ಕಳಿಸ್ಲಿಕ್ಕೆ ಆಗ್ತದಾ?”

ಹಾಗಾದರೆ ಈ ಪ್ಯಾಚು ಪ್ರವಾಸದ ನಡುವೆ ಬಿದ್ದದ್ದು. ಆದರೆ ಅಣ್ಣನ ಜೊತೆಗಿದ್ದ ಒಬ್ಬನೇ ಗೆಳೆಯ ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆಯನ್ನು ನಾನು ಬಾಯಿಪಾಠವಾಗುವಷ್ಟು ಸಲ ಓದಿದ್ದೇನೆ. ‘ನನ್ನ ಸೈಕಲ್ ಎರಡು ಸಲ ಪಂಕ್ಚರ್ ಆಯಿತು. ಶಶಿಯದ್ದು ಒಂದು ಸಲವೂ ಆಗಲಿಲ್ಲ.’

“ಅಂಗಡಿಯ ಪ್ಯಾಚೇ ಅಲ್ಲ ಇದು,” ಅಬೂಬಕ್ಕರಾಕನ ಬೆರಳು ಇನ್ನೂ ಅಲ್ಲೇ ಇತ್ತು. “ಹೊಗೆ ಹಾಕಿದ ರಬ್ಬರ್ ಶೀಟಿನ ತುಂಡು. ಮೆಷಿನಿನ ಗೆರೆ ಉಂಟು ನೋಡು. ಗೆರೆ, ಗೆರೆ, ಗೆರೆ… ಇಲ್ಲಿ ಒಂದು ಗೆರೆ ಇಲ್ಲ.”

ಅವರ ಸೊಸೆ ರುಕಿಯಾ ಮೊಬೈಲಿನಲ್ಲಿ ಅದರ ಫೋಟೋ ತೆಗೆದಳು. “ಹಕೀಂ ಮಾವನಿಗೆ ಕಳಿಸ್ತೇನೆ ಅಕ್ಕ. ಕೊಕ್ಕಡದಲ್ಲಿ ಮೂವತ್ತು ವರ್ಷ ಶೀಟ್ ವ್ಯಾಪಾರ ಮಾಡಿದವರು. ಶೀಟ್ ನೋಡಿ ಯಾರ ತೋಟದ್ದು ಅಂತ ಹೇಳ್ತಾರೆ.”

“ಅದು ಹೇಳ್ತಾನೆ. ಸ್ವಂತ ಮೊಮ್ಮಕ್ಕಳ ಹೆಸರು ಕೇಳಿದ್ರೆ ಮಾತ್ರ ತಲೆ ಕೆರೀತಾನೆ,” ಎಂದು ಅಬೂಬಕ್ಕರಾಕ ನಕ್ಕರು. ಮರುಕ್ಷಣ ಆ ನಗು ಹೋಯಿತು. ಟ್ಯೂಬನ್ನು ಮಡಚಿ ನನ್ನ ಕೈಯಲ್ಲಿಟ್ಟು, ಕೈಯನ್ನು ಬಿಡದೆ ಹೇಳಿದರು.

“ಯಾರ ಪ್ಯಾಚ್ ಆದ್ರೂ ನನಗೆ ಹೇಳ್ಬೇಕು. ನಿನ್ನ ಮನೆಯವರದ್ದೇ ತಪ್ಪಿದ್ರೂ ಮುಚ್ಚಿಡ್ಬಾರ್ದು. ನನಗೆ ಎಪ್ಪತ್ತೊಂಬತ್ತು. ಕೊಂದವ ಅನ್ನುವ ಹೆಸರು ಹೊತ್ತುಕೊಂಡು ಹೋಗ್ಲಿಕ್ಕೆ ಮನಸ್ಸಿಲ್ಲ.”

ಮಾತು ಕೊಡಲು ಹೆದರುವವಳು ನಾನು. ಆದರೂ, “ಹೇಳ್ತೇನೆ,” ಎಂದೆ.

*

ಹೊರಗೆ ವೆಂಕಟಣ್ಣ ಎರಡು ಸೈಕಲುಗಳನ್ನು ಹಿಡಿದು ನಿಂತಿದ್ದ. ವೆಂಕಟೇಶ್ವರ, ಮೂಡಬಿದಿರೆಯಲ್ಲಿ ಗಣಿತದ ಮೇಷ್ಟ್ರು, ನಲವತ್ತೊಂಬತ್ತು ವರ್ಷ. ಅಣ್ಣನ ಜೊತೆಗಿದ್ದ ಆ ಒಬ್ಬನೇ ಗೆಳೆಯ ಇವನೇ. ‘ಇಪ್ಪತ್ತೆಂಟು ವರ್ಷದ ಹಿಂದಿನ ಅದೇ ದಾರಿಯಲ್ಲಿ, ಅದೇ ತಿಂಗಳಲ್ಲಿ ಒಮ್ಮೆ ಹೋಗುವ’ ಎಂದು ನಾನು ಕೇಳಿದಾಗ ಒಂದೇ ಮಾತಿಗೆ ಒಪ್ಪಿದ್ದ. ಟ್ಯೂಬಿನ ವಿಷಯ ಅವನಿಗೆ ಹೇಳಿರಲಿಲ್ಲ.

“ಆಯ್ತಾ ಸುಂದರಿ? ಬ್ಯಾರಿಗಳ ಚಹಾ ಕುಡಿದು ಮತ್ತೆ ಏರು ಹತ್ತಲಿಕ್ಕೆ ಆಗುದಿಲ್ಲ ಅಂತ ಹೇಳ್ಬೇಡ.”

ತ್ರಿಪುರಸುಂದರಿ ಎಂಬ ನನ್ನ ಹೆಸರನ್ನು ಈಗ ಹಾಗೆ ಅರ್ಧ ಮಾಡುವವನು ಅವನೊಬ್ಬನೇ. ಹಾಗೆ ಕರೆಯುತ್ತಿದ್ದ ಇನ್ನೊಬ್ಬ ನನ್ನ ಅಣ್ಣ.

ಸಿದ್ಧಕಟ್ಟೆಯ ಏರಿನಲ್ಲಿ ಉಸಿರು ಗಂಟಲಿಗೆ ಬಂತು. ವೆಂಕಟಣ್ಣನ ಹಣೆಯಿಂದ ಬೆವರು ಹ್ಯಾಂಡಲಿಗೆ ತೊಟ್ಟಿಕ್ಕುತ್ತಿತ್ತು, ಇಳಿಯಲಿಲ್ಲ. ಆಗಿನ ನಿಯಮ ಇನ್ನೂ ಅವನ ತಲೆಯಲ್ಲಿತ್ತು. ಮಾರ್ಗ ಎಷ್ಟೇ ಏರಿರಲಿ, ಸೈಕಲಿನಿಂದ ಇಳಿದವರು ಮುಂದಿನ ಪೇಟೆಯವರೆಗೆ ಎಲ್ಲರ ಚೀಲ ಹೊರಬೇಕು. ಅಣ್ಣ ಮಾಡಿದ ನಿಯಮ ಅದು. ಅವತ್ತು ಮೊದಲ ದಿನದ ದಾರಿಗೆ ನಾನೂ ಅವರ ಜೊತೆಗಿದ್ದೆ; ಮೂಡಬಿದಿರೆಯವರೆಗೆ ಮೂರು ಚೀಲ ಹೊತ್ತವಳು ನಾನು. ಅಣ್ಣ ಹಿಂದೆ ಬಂದು ಒಂದೊಂದನ್ನೇ ಸದ್ದಿಲ್ಲದೆ ಎತ್ತಿಕೊಂಡು, “ವೆಂಕಟನಿಗೆ ಹೇಳ್ಬೇಡ,” ಎಂದಿದ್ದ.

ಮೂಡಬಿದಿರೆಯಲ್ಲಿ ನಾವು ಬನ್ಸ್ ತಿಂದ ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ವೆಂಕಟಣ್ಣ ಅದರ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತ. “ಇಲ್ಲಿ ಅವ ಏಳು ಬನ್ಸ್ ತಿಂದಿದ್ದ,” ಎಂದ.

“ಎಂಟು.”

“ಎಂಟನೆಯದ್ದು ನನ್ನದು ಮಾರಾಯ್ತಿ. ಕದ್ದದ್ದು.”

ಇಬ್ಬರೂ ನಕ್ಕೆವು. ಹೀಗೆ ನಗುವವನನ್ನು ನಾನು ಗುಟ್ಟಾಗಿ ಗಮನಿಸುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು.

ವೇಣೂರು ದಾಟುವಾಗ ಹನ್ನೆರಡೂವರೆ. ಫೋನ್ ಬಂತು. ಅಪ್ಪನಿಗೆ ಎಂಬತ್ತೊಂದು, ನನ್ನ ಜೊತೆಗೇ ಇದ್ದಾರೆ. ನಾನು ಎಲ್ಲಿಗೆ ಹೋದರೂ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಒಂದು ಕರೆ ಮಾಡುತ್ತಾರೆ.

“ಎಲ್ಲಿಗೆ ಮುಟ್ಟಿದೆ, ಮಗಾ?”

“ವೇಣೂರು, ಅಪ್ಪ.”

“ಹಾಂ.” ಅಷ್ಟೇ. ಬೇರೇನೂ ಕೇಳುವುದಿಲ್ಲ.

ಗುರುವಾಯನಕೆರೆಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಅಪ್ಪ ಆಗ ನನಗೆ ಒಪ್ಪಿಗೆ ಕೊಟ್ಟದ್ದು ಇಲ್ಲಿಯವರೆಗೆ ಮಾತ್ರ. ಇಲ್ಲಿಂದ ಮುಂದೆ ಘಟ್ಟ, ಕಾಡು. ಹದಿನೆಂಟರ ಹುಡುಗಿ ಬಸ್ಸಿನಲ್ಲಿ ಬಂಟ್ವಾಳಕ್ಕೆ ಮರಳಬೇಕು. ನನ್ನ ಸೈಕಲನ್ನು ಅಣ್ಣನೇ ಬಸ್ಸಿನ ಮೇಲೆ ಹತ್ತಿಸಿ ಹಗ್ಗದಿಂದ ಕಟ್ಟಿದ್ದ. ಕಟ್ಟಿದ ಗಂಟನ್ನು ಬಿಚ್ಚಿ ಪುನಃ ಕಟ್ಟಿದ್ದ. ಕಂಡಕ್ಟರ್ ಬೈಯುತ್ತಿದ್ದರೂ ಕೆಳಗಿಳಿಯಲಿಲ್ಲ. ಅದೇ ಕಂಡಕ್ಟರಿನ ಕೈಗೆ ವೆಂಕಟಣ್ಣ ಕ್ಯಾಮರಾ ಕೊಟ್ಟು ಒಂದು ಫೋಟೋ ತೆಗೆಸಿದ. ಸೈಕಲ್ ಹಿಡಿದು ನಿಂತ ಇಬ್ಬರು ಹುಡುಗರು. ಆ ಫೋಟೋ ಈಗಲೂ ನನ್ನ ಚೀಲದಲ್ಲಿದೆ.

ಬಸ್ಸು ಹೊರಟಾಗ ಅಣ್ಣ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಓಡಿ ಬಂದ. “ಬರುವಾಗ ಕಿತ್ತಳೆ ತರ್ತೇನೆ,” ಎಂದ. ಆಮೇಲೆ ಸರಳು ಬಿಟ್ಟ.

ಅದೇ ಜಾಗದಲ್ಲಿ ನಿಂತಿದ್ದಾಗ ಮೊಬೈಲಿಗೆ ರುಕಿಯಾ ಕಳಿಸಿದ ಧ್ವನಿಸಂದೇಶ ಬಂತು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ. ಮುದಿ ಗಂಟಲು, ಅವಸರದ ಮಾತು. ಅಬ್ದುಲ್ ಹಕೀಂ.

“ಇದು ನಮ್ಮ ಕೊಕ್ಕಡದ ಹುಕ್ರಪ್ಪನ ಮೆಷಿನಿನ ಶೀಟ್. ರೋಲರಿಗೆ ಒಂದು ಹಲ್ಲಿಲ್ಲ. ಎಷ್ಟು ಸಲ ಹೇಳಿದ್ರೂ ಬದಲಿಸ್ಲಿಲ್ಲ ಆ ಜನ. ನೂರು ಶೀಟಿನ ಎಡೆಯಲ್ಲಿ ಇಟ್ರೂ ನಾನು ಗುರ್ತ ಹಿಡೀತೇನೆ.”

ಕೊಕ್ಕಡ. ಅವರು ಹತ್ತಿದ ಘಟ್ಟದ ದಾರಿ ಒಂದು ಕಡೆ, ಕೊಕ್ಕಡ ಇನ್ನೊಂದೇ ಕಡೆ. ಅಣ್ಣನ ಹೊಸ ಟ್ಯೂಬು ಅಲ್ಲಿಗೆ ಹೋದದ್ದು ಹೇಗೆ?

“ಯಾರದ್ದು ಸುಂದರಿ?” ವೆಂಕಟಣ್ಣ ಕೇಳಿದ.

“ನಮ್ಮ ಶಾಲೆಯದ್ದು,” ಎಂದು ಸುಳ್ಳು ಹೇಳಿದೆ.

*

ಮರುದಿನ ದಿಡುಪೆಯಿಂದ ಹತ್ತಿದೆವು. ಮಾರ್ಗವೆಂದು ಹೇಳುವುದಕ್ಕೆ ಅಲ್ಲಲ್ಲಿ ಕಲ್ಲು ಹಾಸಿದ್ದಾರೆ, ಉಳಿದಲ್ಲಿ ಮಳೆನೀರು ಕೊರೆದ ಹೊಂಡ. ಜೀಪಿನ ಚಕ್ರ ಉರುಳಿಸಿದ ಬಂಡೆಗಳ ನಡುವೆ ಸೈಕಲನ್ನು ಹೆಗಲಿಗೆ ಹಾಕಿಕೊಂಡು ನಡೆಯಬೇಕಾಯಿತು. ಹೆಗಲಿಗೆ ಹಾಕಿದರೆ ಇಳಿದ ಹಾಗೆ ಅಲ್ಲವೆಂದು ಅಣ್ಣನ ನಿಯಮದಲ್ಲಿಯೇ ಇತ್ತು. ಎರಡು ತೊರೆ ದಾಟಿದ ಮೇಲೆ ಹಕ್ಕಿಯ ಸದ್ದು ಬಿಟ್ಟರೆ ನಮ್ಮ ಉಸಿರು ಮಾತ್ರ.

ಒಂದು ತಿರುವಿನಲ್ಲಿ ವೆಂಕಟಣ್ಣ ನಿಂತ. “ಇಲ್ಲಿ,” ಎಂದ.

ಕೆಳಗೆ ನೀರು ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

“ಸುಬ್ರಹ್ಮಣ್ಯ ಷಷ್ಠಿಯ ಹಿಂದಿನ ದಿನ, ಅಲ್ವಾ?” ಎಂದೆ.

“ಹೌದು. ಬೆಳಿಗ್ಗೆ.” ಆಮೇಲೆ ಅವನು ಮೂರು ದಿನ ಕಾಡಿನಲ್ಲಿ ದಾರಿ ತಪ್ಪಿ, ಷಷ್ಠಿ ಕಳೆದು ಎರಡನೆಯ ದಿನ ದಿಡುಪೆಗೆ ಇಳಿದು ಸುದ್ದಿ ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಕಥೆ. ಇಂದು ಅವನು ಒಂದು ಹೂ ಕೂಡ ಹಾಕಲಿಲ್ಲ. ಕಮರಿಯನ್ನು ನೋಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ರಾತ್ರಿಗೆ ಉಜಿರೆಗೆ ಇಳಿದು ಪರಿಚಯದವರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಕಾಲೇಜಿನ ಮಕ್ಕಳು ಬಸ್ಸಿಗೆ ಓಡುತ್ತಿದ್ದ ಹೊತ್ತು, ವೆಂಕಟಣ್ಣ ಸೈಕಲನ್ನು ಬೆಳ್ತಂಗಡಿಯ ಕಡೆಗೆ, ಎಂದರೆ ಮನೆಯ ಕಡೆಗೆ ತಿರುಗಿಸಿದ.

“ವೆಂಕಟಣ್ಣ, ಇವತ್ತು ಧರ್ಮಸ್ಥಳದ ಮಾರ್ಗವಾಗಿ ಕೊಕ್ಕಡಕ್ಕೆ ಹೋಗುವ.”

ಅವನ ಕೈ ಬ್ರೇಕಿನ ಮೇಲೆ ಬಿಗಿಯಾಯಿತು. ಸೈಕಲ್ ನಿಂತೇ ಇತ್ತು.

“ಕೊಕ್ಕಡದಲ್ಲಿ ಎಂತ ಉಂಟು?”

“ಒಬ್ಬರನ್ನು ನೋಡ್ಲಿಕ್ಕುಂಟು. ನಿಮಗೆ ಆ ಕಡೆ ಗೊತ್ತುಂಟಾ?”

“ನಾನು ಆ ಕಡೆ ಹೋದವನೇ ಅಲ್ಲ,” ಎಂದ. ಆಕಾಶ ನೋಡಿ, “ಬಿಸಿಲಾಗ್ತದೆ ಸುಂದರಿ. ನಿನ್ನ ಮೊಣಕಾಲು ಬೇರೆ ನೋಯ್ತದೆ ಅಂದಿದ್ದೆ.”

“ನನ್ನ ಮೊಣಕಾಲು ನನ್ನ ಜೊತೆಗೇ ಬರ್ತದೆ. ನಿಮಗೆ ಬೇಡದಿದ್ದರೆ ನಾನೊಬ್ಬಳೇ ಹೋಗ್ತೇನೆ.”

ಅವನು ಬಂದ.

*

ಕೊಕ್ಕಡ ಪೇಟೆಯಲ್ಲಿ ದಾರಿ ಕೇಳಿದಾಗ, ಮಲೆಯ ಕಡೆಗೆ ಐದು ಕಿಲೋಮೀಟರ್ ಎಂದರು. ಡಾಮರು ಬೇಗ ಮುಗಿದು ಕೆಂಪು ಮಣ್ಣಿನ ದಾರಿ ಶುರುವಾಯಿತು. ಎರಡೂ ಬದಿಗೆ ರಬ್ಬರ್ ಮರಗಳ ಸಾಲು, ಬುಡದಲ್ಲಿ ಹಾಲು ತುಂಬಿದ ಚಿಪ್ಪು. ಮುರಕಲ್ಲಿನ ಕಡಿದಾದ ಏರೊಂದು ಬಂತು. ವೆಂಕಟಣ್ಣ ಹಲ್ಲು ಕಚ್ಚಿ ಹತ್ತಿದ, ಇಳಿಯಲಿಲ್ಲ. ಇನ್ನೊಂದು ಬಂತು. ಅಲ್ಲಿಯೂ ಇಳಿಯಲಿಲ್ಲ.

ಆಮೇಲೆ ಸಮತಟ್ಟು ದಾರಿ. ಮುಂದೆ ಬಿದಿರು ಮೆಳೆಯ ಮರೆಯಲ್ಲಿ ಒಂದು ತಿರುವು. ಆಚೆ ಏನಿದೆ ಎಂದು ಕಾಣುವುದಿಲ್ಲ.

ತಿರುವಿಗೆ ಹತ್ತು ಮಾರು ಇರುವಾಗ ವೆಂಕಟಣ್ಣ ಇಳಿದ.

ಕಾಲು ನೆಲಕ್ಕಿಟ್ಟು, ಬಾಗಿ, ಸೈಕಲಿನ ಚೌಕಟ್ಟಿನೊಳಗೆ ತೋಳು ತೂರಿಸಿ, ಅದನ್ನು ಹೆಗಲಿಗೆ ಎತ್ತಲು ಹೊರಟವನು ಅರ್ಧದಲ್ಲಿ ತಡೆದು ನಿಂತ.

ನಾನು ಅವನನ್ನು ದಾಟಿ ತಿರುವಿಗೆ ಹೋದೆ. ಆಚೆ ಒಂದು ತೋಡು. ಅದರ ಮೇಲೆ ಜೀಪು ಹೋಗುವಷ್ಟು ಅಗಲದ ಕಾಂಕ್ರೀಟ್ ಸೇತುವೆ.

“ಯಾಕೆ ಇಳಿದದ್ದು?”

“ಚೈನ್ ಕಳಚಿತೇನೋ ಅಂದುಕೊಂಡೆ.”

ಚೈನು ಸರಿಯಾಗಿಯೇ ಇತ್ತು. ನಾನು ಎರಡು ಸಲ ನೋಡಿದೆ.

ಹುಕ್ರಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಮಗಳು ದಮಯಂತಿ ಶೀಟ್ ಒತ್ತುವ ಕೊಟ್ಟಿಗೆಯಿಂದಲೇ ಕೈ ಬೀಸಿದಳು. ನಲವತ್ತು ದಾಟಿದ ಹೆಂಗಸು. ರಬ್ಬರ್ ಹಾಲಿನ ಕಲೆಯ ನೈಟಿಯ ಮೇಲೆ ಗಂಡನ ಶರ್ಟು.

“ಬಲೆ ಬಲೆ, ಕುಳ್ಳುಲೆ!” ಎಂದು ತುಳುವಿನಲ್ಲಿ ಕರೆದು ಕೂರಿಸಿ, ನಮ್ಮ ಮಾತು ಕೇಳಿದ ಮೇಲೆ ಕನ್ನಡಕ್ಕೆ ತಿರುಗಿದಳು. “ಈ ಬಿಸಿಲಲ್ಲಿ ಸೈಕಲಾ? ಬಸ್ ಇಲ್ವಾ ಅಕ್ಕ ನಿಮ್ಮ ಊರಲ್ಲಿ?” ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಬಂತು. ವೆಂಕಟಣ್ಣ ಬೆಲ್ಲ ಮುಟ್ಟಲಿಲ್ಲ.

“ಹುಡುಕ್ಲಿಕ್ಕೆ ಕಷ್ಟ ಆಯ್ತಾ?”

“ಇಲ್ಲ. ಸೇತುವೆ ಚೆನ್ನಾಗಿದೆ.”

“ಈಗ ಚಂದ. ನಾವು ಸಣ್ಣದಿರುವಾಗ ಅಡಿಕೆಮರದ ಸಂಕ. ಸೈಕಲ್ ತಂದವರು ತಿರುವಿಗಿಂತ ಮೊದಲೇ ಇಳಿದು ಹೆಗಲಿಗೆ ಹಾಕಿಕೊಳ್ಬೇಕಿತ್ತು. ಇಲ್ಲದಿದ್ರೆ ಸೀದಾ ತೋಡಿಗೆ!”

ನಾನು ವೆಂಕಟಣ್ಣನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಚೀಲದಿಂದ ಟ್ಯೂಬು ತೆಗೆದು ದಮಯಂತಿಯ ಮುಂದಿಟ್ಟೆ.

ಅವಳು ಅದನ್ನು ತಿರುಗಿಸಿ ನೋಡಿದಳು. ಎದ್ದು, ಗಟ್ಟಿಯಾದ ಹಾಲಿನ ಒಂದು ಹಲಗೆಯನ್ನು ರೋಲರಿಗೆ ಕೊಟ್ಟು ಹಿಡಿಕೆ ತಿರುಗಿಸಿದಳು. ಬಿಳಿಯ ಶೀಟು ಆಚೆ ಇಳಿಯಿತು. ಗೆರೆ, ಗೆರೆ, ಗೆರೆ. ನಡುವೆ ಒಂದು ಬೆರಳಗಲ ನುಣುಪು.

“ಇದು ನಾನು ಹಾಕಿದ ಪ್ಯಾಚ್!” ಅವಳ ಮುಖ ಅರಳಿತು. “ಅಬ್ಬಾ, ಇಷ್ಟು ವರ್ಷವಾದ್ರೂ ಬಿಡ್ಲಿಲ್ವಲ್ಲ! ಶೀಟಿನ ಚೂರನ್ನು ಪೆಟ್ರೋಲಿನಲ್ಲಿ ನೆನೆಸಿ ಸೊಲ್ಯೂಷನ್ ಮಾಡಿದ್ದೆ. ಟ್ಯೂಬ್ ಹರಿದೀತು, ಇದು ಬಿಡುದಿಲ್ಲ ಅಂತ ಅವರಿಗೆ ಹೇಳಿದ್ದೆ.”

“ಯಾರಿಗೆ?”

“ಹೆಸರು ಹೇಳ್ಲಿಲ್ಲ ಅಕ್ಕ. ಷಷ್ಠಿಯ ದಿನ. ಅಪ್ಪ ಸುಬ್ರಹ್ಮಣ್ಯಕ್ಕೆ ಹೋಗಿದ್ರು, ಮನೆಯಲ್ಲಿ ನಾನು, ಅಜ್ಜಿ. ಒಬ್ರು ಪಂಕ್ಚರಾದ ಸೈಕಲ್ ತಳ್ಳಿಕೊಂಡು ಬಂದ್ರು.”

“ಷಷ್ಠಿಯ ಹಿಂದಿನ ದಿನ ಅಲ್ವಾ? ಸರಿಯಾಗಿ ನೆನಪು ಮಾಡಿ ಹೇಳಿ.”

“ಷಷ್ಠಿಯ ದಿನವೇ. ಅಪ್ಪ ನನ್ನನ್ನು ಬಿಟ್ಟು ಹೋದ್ರು ಅಂತ ಅಳ್ತಾ ಕೂತಿದ್ದೆ. ಅದು ಮರೀತದಾ?”

ಅವಳು ಟ್ಯೂಬನ್ನು ಮಡಿಲಲ್ಲಿಟ್ಟುಕೊಂಡು ಮಾತು ಮುಂದುವರಿಸಿದಳು. “ಪಾಪದ ಜನ. ಅಜ್ಜಿಯ ಹತ್ರ ಚಂದ ಮಾತಾಡಿದ್ರು. ಪ್ಯಾಚ್ ಆದ ಮೇಲೆ ಅರ ಉಂಟಾ ಅಂತ ಕೇಳಿದ್ರು. ಆ ಜಗಲಿಯಲ್ಲಿ ಕೂತು ಬ್ರೇಕಿನ ವಯರನ್ನು ಉಜ್ಜಿದ್ರು. ಒಂದೊಂದೇ ಎಳೆ. ಪಳಪಳ ಹೊಸ ವಯರ್! ‘ಎಂತ ಮಾಡ್ತೀರಿ, ಒಳ್ಳೇದುಂಟಲ್ಲ’ ಅಂದೆ. ‘ಒಳ್ಳೇದುಂಟು, ಅದೇ ತೊಂದರೆ’ ಅಂದ್ರು. ಮರ್ಲು, ತಲೆ ಸರಿ ಇಲ್ಲ ಅಂದುಕೊಂಡೆ.”

ಅಬೂಬಕ್ಕರಾಕನ ಮಂಜುಗಣ್ಣು ನೆನಪಾಯಿತು. ಅವರು ಹಾಕಿದ ಕೇಬಲಿಗೆ ಏನೂ ಆಗಿರಲಿಲ್ಲ. ಈ ಜಗಲಿಯಲ್ಲಿ, ಅರದಿಂದ, ಎಳೆ ಎಳೆಯಾಗಿ ಅದನ್ನು ಸವೆಸಲಾಗಿತ್ತು.

ಗುರುವಾಯನಕೆರೆಯ ಫೋಟೋ ತೆಗೆದು ಅವಳ ಮುಂದೆ ಹಿಡಿದೆ. ಅವಳ ಬೆರಳು ಯಾರ ಮೇಲೆ ಬೀಳುತ್ತದೆ ಎಂದು ನನಗೆ ತಿಳಿದಿತ್ತು. ಮೂರು ದಿನದಿಂದ, ಅಲ್ಲ, ಬಹುಶಃ ಇಪ್ಪತ್ತೆಂಟು ವರ್ಷದಿಂದ, ನಾನು ಆ ಬೆರಳಿಗಾಗಿಯೇ ಕಾದಿದ್ದೆ.

“ಇವರು,” ಎಂದಳು ದಮಯಂತಿ.

ಬೆರಳು ಅಣ್ಣನ ಮೇಲಿತ್ತು.

“ಸರಿಯಾಗಿ ನೋಡಿ.”

“ಇವರೇ ಅಕ್ಕ. ಕೆನ್ನೆಯ ಗುಳಿ ನೋಡಿ. ಸೈಕಲನ್ನು ಇಲ್ಲೇ ಬಿಟ್ಟು, ‘ನಾಳೆ ನನ್ನ ಗೆಳೆಯ ಬಂದು ಓಡಿಸಿಕೊಂಡು ಹೋಗ್ತಾನೆ’ ಅಂತ ಹೇಳಿ ನಡೆದುಕೊಂಡೇ ಹೋದ್ರು. ಪೇಟೆಯಲ್ಲಿ ಷಷ್ಠಿಯ ಬಸ್ಸು ಹತ್ತಿರ್ಬೇಕು, ಜನ ತುಂಬಿ ಹೋಗ್ತಿತ್ತಲ್ಲ. ಮರುದಿನ ಬಂದದ್ದು ಇವರು.” ಬೆರಳು ಪಕ್ಕದ ಹುಡುಗನಿಗೆ ಸರಿಯಿತು. “ಇವರು ಸೈಕಲ್ ಹೊತ್ತು ಸಂಕ ದಾಟುವಾಗ ಜಾರಿ ಒಂದು ಕಾಲು ನೀರಿಗೆ! ನಾನೂ ಅಜ್ಜಿಯೂ ನಕ್ಕದ್ದೇ ನಕ್ಕದ್ದು.”

ಅವಳು ಫೋಟೋದಿಂದ ತಲೆಯೆತ್ತಿ ವೆಂಕಟಣ್ಣನನ್ನು ನೋಡಿದಳು. ಅವನ ನರೆತ ಗಡ್ಡವನ್ನು, ಮೂಗನ್ನು, ಪುನಃ ಫೋಟೋವನ್ನು.

“ಅಯ್ಯೋ ಮಾರಾಯ್ರೇ! ನೀವೇ ಅಲ್ವಾ?”

ಅವಳ ನಗುವಿಗೆ ಯಾರೂ ಜೊತೆಯಾಗಲಿಲ್ಲ. ಅವಳು ನಮ್ಮಿಬ್ಬರನ್ನೂ ನೋಡಿ, ಚೆಂಬು ಹಿಡಿದುಕೊಂಡು ಒಳಗೆ ಹೋದಳು.

“ಬಿದ್ದದ್ದನ್ನು ಕಣ್ಣಾರೆ ಕಂಡೆ ಅಂತ ಬರೆದುಕೊಟ್ಟದ್ದು ನೀವು,” ಎಂದೆ.

“ಹೌದು.”

“ಸೈಕಲನ್ನು ಕಮರಿಗೆ ದೂಡಿದ್ದು?”

“ನಾನೇ.”

“ಅಣ್ಣ ಬದುಕಿದ್ದ.”

“ಆ ದಿನ ಬದುಕಿದ್ದ. ಆಮೇಲಿನದ್ದು ನನಗೂ ಗೊತ್ತಿಲ್ಲ. ನಿಜ ಹೇಳ್ತೇನೆ, ಸುಂದರಿ.”

“ಮತ್ತೆ ಅಬೂಬಕ್ಕರಾಕ?”

ಅವನು ಕೊಟ್ಟಿಗೆಯ ಕಂಬಕ್ಕೆ ಒರಗಿದ. “ಕೇಬಲ್ ಹೋಯ್ತು ಅಂದ್ರೆ ಕೇಬಲನ್ನು ಬೈತಾರೆ ಅಂದುಕೊಂಡಿದ್ದೆವು. ಹಾಕಿದವರ ಹೆಸರು ಹಿಡಿದು ಕೂಗ್ತಾರೆ ಅಂತ ನಮ್ಮ ತಲೆಗೇ ಬರ್ಲಿಲ್ಲ.”

“ಕೂಗಿದ ಮೇಲಾದರೂ? ಇಪ್ಪತ್ತೆಂಟು ವರ್ಷ, ವೆಂಕಟಣ್ಣ! ಮೊನ್ನೆ ಅವರ ಮನೆಯ ಹೊರಗೆ ನಿಂತಿದ್ರಿ. ಒಳಗೆ ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಯ್ತು.”

“ಬಾಯಿ ಬಿಡುದಿಲ್ಲ ಅಂತ ಮಾತು ಕೊಟ್ಟಿದ್ದೆ.”

“ಅಣ್ಣನಿಗಾ?”

ಅವನು ತಲೆಯಲ್ಲಾಡಿಸಿದ. ಅಲ್ಲ.

“ಮತ್ತೆ ಯಾರಿಗೆ?”

ನನ್ನ ಮೊಬೈಲ್ ರಿಂಗಾಯಿತು. ಹನ್ನೆರಡೂವರೆ. ಜಗಲಿಯ ಮೇಲೆ, ಟ್ಯೂಬು ಮತ್ತು ಫೋಟೋದ ನಡುವೆ, ಅದು ಬೆಳಗುತ್ತ ಅದುರುತ್ತ ಇತ್ತು. ಪರದೆಯ ಮೇಲೆ ಎರಡೇ ಅಕ್ಷರ.

ಅಪ್ಪ.

ವೆಂಕಟಣ್ಣ ಅದನ್ನು ಓದಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಏರು ಮುಗಿಸಿ ಕಡೆಗೂ ಸೈಕಲಿನಿಂದ ಇಳಿದವನ ಮುಖದ ಹಾಗಿತ್ತು.

“ಎತ್ತು,” ಎಂದ. “ನಾನು ಮಾತು ಕೊಟ್ಟದ್ದು ಅವರಿಗೆ.”

ಅಪ್ಪನಿಗೆ ಎಲ್ಲ ಗೊತ್ತಿತ್ತು; ಅಂಗಡಿಯೆದುರಿನ ಆ ದೊಡ್ಡ ಸ್ವರ ನನ್ನ ಕಿವಿಯಲ್ಲಿ ಮೊಳಗಿತು. ಮೊಬೈಲನ್ನು ಎತ್ತಿ ಹಿಡಿದೆ.

“ಎಲ್ಲಿಗೆ ಮುಟ್ಟಿದೆ, ಮಗಾ?” ಎಂದರು ಅಪ್ಪ.